ಕೋಡಿ ಮುಚ್ಚಿದ ವಾರ

ಕೋಡಿಯನ್ನು ಮುಚ್ಚಿದವಳು ನಾನೇ.

ಬೇರೆಯವರ ತಪ್ಪು ಹೇಳುವ ಮೊದಲು ಇದನ್ನು ಹೇಳಿಬಿಡುತ್ತೇನೆ. ಮಂಗಳವಾರ ಬೆಳಿಗ್ಗೆ ಎಂಟು ತಿಂಗಳ ಅಗ್ನೆಸಳನ್ನು ಬೆನ್ನಿಗೆ ಕಟ್ಟಿಕೊಂಡು ಮೇಲಿನ ಗದ್ದೆಗೆ ಹತ್ತಿದೆ. ನಾವು ಐದು ಜನ ಹೆಂಗಸರಿದ್ದೆವು. ಗದ್ದೆಯಲ್ಲಿ ಹೆಚ್ಚಾದ ನೀರು ಪಕ್ಕದ ಕೊರಕಲಿಗೆ ಇಳಿಯಲು ಇದ್ದದ್ದು ಆ ಕೋಡಿ ಒಂದೇ. ಅದಕ್ಕೆ ಹುಲ್ಲಿನ ಸಿಂಬೆ ತುರುಕಿದೆವು. ಮೇಲೆ ಜೇಡಿಮಣ್ಣು ಮೆತ್ತಿದೆವು. ಕಲ್ಲು ಇಟ್ಟೆವು. ಮತ್ತೆ ಜೇಡಿ. ಹಿಮ್ಮಡಿಯಿಂದ ತುಳಿದೆವು. ನಾನು ತುಳಿಯುವಾಗ ಮಗು ಬೆನ್ನ ಮೇಲೆ ಕುಲುಕಿ ಕುಲುಕಿ ನಕ್ಕಿತು. ಅದಕ್ಕೆ ಆಟ.

ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ನಮ್ಮ ಗದ್ದೆಗಳ ನೆತ್ತಿಯ ಮೇಲೆ ಪ್ರವಾಸಿಗರಿಗೆಂದು ಕಟ್ಟಿಸಿದ ನೋಟದ ಕಟ್ಟೆ ಇದೆ. ಪ್ರವಾಸಿ ಕಚೇರಿಯ ಮಿಸ್ ಲೂರ್ದೆಸ್ ಅಲ್ಲಿ ಕೊಡೆ ಹಿಡಿದು ನಿಂತಿದ್ದಳು. ಅವಳ ಮಾತು ಫೋನಿನಲ್ಲಿ ಬಿನ್ವಾಗನಿಗೆ ಬರುತ್ತಿತ್ತು. ಬಿನ್ವಾಗ್ ನಮ್ಮೂರವನೇ. ಈಗ ಕಚೇರಿಯ ಮೇಸ್ತ್ರಿ. ನೀಲಿ ಅಂಗಿ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದ.

"ಇನ್ನೂ ನಾಲ್ಕು ಬೆರಳು ಏರಬೇಕಂತೆ," ಎಂದ. "ಅಲ್ಲಲ್ಲಿ ಕೆಸರು ಕಾಣ್ತದಂತೆ. ಶುಕ್ರವಾರ ರಾಜಧಾನಿಯಿಂದ ದೊಡ್ಡವರು ಬರ್ತಾರೆ. ಗದ್ದೆ ಕನ್ನಡಿ ಆಗಿರಬೇಕಂತೆ."

"ಕನ್ನಡಿ ಬೇಕಿದ್ರೆ ಪೇಟೇಲಿ ಸಿಗ್ತದೆ ಅಂತ ಹೇಳೋ," ಎಂದಳು ನನ್ನ ನೆರೆಮನೆಯ ಟಿಲ್ಡಾ. "ಮುಖ ನೋಡ್ಕೊಳ್ಳೋಕೆ ನಮ್ಮ ಗದ್ದೇನೇ ಆಗಬೇಕಾ ಅವರಿಗೆ?"

"ಟಿಲ್ಡಕ್ಕ, ನಿನ್ನ ಹೆಸರು ಕೂಲಿ ಪಟ್ಟೀಲಿ ಇರಬೇಕೋ ಬೇಡ್ವೋ?"

ಟಿಲ್ಡಾ ಬಾಯಿ ಮುಚ್ಚಿದಳು. ನಾವೆಲ್ಲ ಮುಚ್ಚಿದೆವು. ಬಾಯಿ ಮುಚ್ಚಿ ಕೋಡಿ ತುಳಿದೆವು.

ಆ ಗದ್ದೆಯ ಮಣ್ಣು ತಡೆದು ನಿಂತ ಕಲ್ಲಿನ ಗೋಡೆ ಮೂರಾಳೆತ್ತರ. ಗೋಡೆಯ ಬುಡದಲ್ಲಿ ಒಂದು ಅಂಗಳ. ಅಂಗಳದಲ್ಲಿ ನನ್ನ ಮನೆ.

* * *

ನಮ್ಮಲ್ಲಿ ಗೋಡೆ ಕಟ್ಟುವವರು ಗಂಡಸರು. ಗೋಡೆಯ ಮೈ ನೋಡಿಕೊಳ್ಳುವವರು ಹೆಂಗಸರು. ಕಲ್ಲುಗಳ ಸಂದಿಯಲ್ಲಿ ಬೆಳೆಯುವ ಹುಲ್ಲನ್ನು ಬೇರುಸಹಿತ ಕೀಳುವುದು ನಮ್ಮ ಕೆಲಸ. ಮದುವೆಯಾಗಿ ಬಂದ ವರ್ಷದಿಂದ ನಾನು ಈ ಗೋಡೆಗೆ ಜೋತುಬಿದ್ದು ಹುಲ್ಲು ಕಿತ್ತಿದ್ದೇನೆ. ಮಕ್ಕಳ ಮೈ ಉಜ್ಜಿ ತೊಳೆಯುವವಳಿಗೆ ಎಲ್ಲಿ ಮಚ್ಚೆ, ಎಲ್ಲಿ ಗಾಯ ಎಂದು ಗೊತ್ತಿರುವ ಹಾಗೆ ನನಗೆ ಈ ಗೋಡೆ ಗೊತ್ತು.

ಬುಧವಾರ ಬೆಳಿಗ್ಗೆ ಗೆಣಸು ಬೇಯಲು ಇಟ್ಟು ಹೊರಗೆ ಬಂದೆ. ಗೋಡೆಯ ನಡುವಿನ ಕಲ್ಲುಗಳು ಮುಂದೆ ಬಂದಿದ್ದವು. ಹೆಚ್ಚೇನಲ್ಲ, ಎರಡು ಬೆರಳು. ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ಸಂದಿಯಿಂದ ನೀರು ಒಸರುತ್ತಿತ್ತು. ಒಸರಲಿ, ಗೋಡೆ ಬೆವರುವುದು ಒಳ್ಳೆಯದೇ. ಆದರೆ ಆ ನೀರು ಕೆಂಪಗಿತ್ತು. ತಿಳಿನೀರು ಬಂದರೆ ಗೋಡೆ ಉಸಿರಾಡುತ್ತಿದೆ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಹೋಗುತ್ತಿದೆ.

ಅತ್ತೆ ಮೆಟ್ಟಿಲ ಬಳಿ ಕೂತಿದ್ದರು. ಅವರಿಗೆ ಕಣ್ಣು ಮಂಜು, ಕಾಲಿಗೆ ಬಲವಿಲ್ಲ.

"ಯಾವ ಬಣ್ಣ?" ಎಂದು ಕೇಳಿದರು.

"ಕೆಂಪು."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಅಂದರು, "ಒಂದು ಜೊಂಡಿನ ಕಡ್ಡಿ ತಗೊಂಡು ಸಂದೀಲಿ ತೂರಿಸು. ಹಿಂದೆ ಜಲ್ಲಿ ಸಿಗಬೇಕು. ಮೊಣಕೈ ಉದ್ದದೊಳಗೆ ಸಿಗಬೇಕು."

ಕಡ್ಡಿ ಮುರಿದು ತೂರಿಸಿದೆ. ಮೊಣಕೈ ಉದ್ದ ಹೋಯಿತು. ಇನ್ನೂ ಹೋಯಿತು. ತೋಳಿನುದ್ದ ಹೋಯಿತು. ಜಲ್ಲಿ ಸಿಗಲಿಲ್ಲ. ನನ್ನ ಬೆರಳು ಕಲ್ಲಿಗೆ ತಾಗಿತು, ಕಡ್ಡಿಯನ್ನು ಬಿಟ್ಟೆ. ಅದು ಒಳಗೆ ಎಲ್ಲೋ ಬಿತ್ತು. ಬಿದ್ದ ಸದ್ದು ಕೇಳಿಸಿತು.

ಕೈ ಹಿಂದಕ್ಕೆಳೆದುಕೊಂಡೆ.

ಟಿಲ್ಡಾ ಕೊಡ ಹೊತ್ತು ಹೋಗುತ್ತಿದ್ದವಳು ನಿಂತು ನೋಡಿದಳು. "ಎಷ್ಟು ತಿಂಗಳಂತೆ ನಿಮ್ಮ ಗೋಡೆಗೆ?" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಹೋಗು ಸೇಲಾ, ಮೇಲೆ ಹೋಗಿ ಹೇಳು. ಇವತ್ತೇ ಹೋಗು."

* * *

ನೋಟದ ಕಟ್ಟೆಗೆ ದಾರಿ ಮಾಡಲು ಗುಡ್ಡದ ತಲೆಯ ಕಾಡು ಕಡಿದಿದ್ದರು. ಅದು ಮೂರು ಮನೆಗಳ ಕಾಡು. ಅದರಲ್ಲಿ ಒಂದು ಪಾಲು ನಮ್ಮದು. ಆ ಮರಗಳ ಬೇರಿನಿಂದ ಗದ್ದೆಗೆ ನೀರು ಹನಿಯುತ್ತಿತ್ತು. ಅಗೆದ ಮಣ್ಣನ್ನು ಹಳೆಯ ಕಾಲುವೆಗೆ ತಳ್ಳಿದರು. ಅಂದಿನಿಂದ ಮಳೆ ಬಂದರೆ ದಾರಿಯ ನೀರೆಲ್ಲ ಹೊಳೆಯಾಗಿ ನಮ್ಮ ಮೇಲಿನ ಗದ್ದೆಗೇ ನುಗ್ಗುತ್ತದೆ.

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅಲ್ಲಿಗೆ ಹೋದೆ. ಕಟ್ಟೆಯ ಮೊದಲ ಮೆಟ್ಟಿಲಲ್ಲಿ ಕಾವಲುಗಾರ ತಡೆದ. "ಕಾಲು ತೊಳ್ಕೊಂಡು ಬಾ. ಟೈಲ್ಸು."

ತೊಳೆದೆ. ನೀರು ಮುಗಿಯಿತು, ಕೆಸರು ಪೂರ್ತಿ ಹೋಗಲಿಲ್ಲ. ಮೆಟ್ಟಿಲಲ್ಲೇ ನಿಂತೆ. ಮಿಸ್ ಲೂರ್ದೆಸ್ ಪೆಟ್ಟಿಗೆಯಿಂದ ಕೆಂಪು ಪಟ್ಟಿಯ ನೇಯ್ಗೆ ಲಂಗಗಳನ್ನು ಎತ್ತಿ ಎತ್ತಿ ನೋಡುತ್ತಿದ್ದಳು. ಕೆಟ್ಟವಳ ಹಾಗೆ ಕಾಣುತ್ತಿರಲಿಲ್ಲ. ನನ್ನನ್ನು ನೋಡಿ ನಕ್ಕಳು.

"ಬಾ ಬಾ. ನಿನಗೇ ಒಂದು ಅಳತೆ ನೋಡೋಣ ಅಂತಿದ್ದೆ."

ನಾನು ಬಾಯಿ ತೆರೆಯುವ ಮೊದಲೇ ನನ್ನ ಪ್ಯಾಂಟಿನ ಮೇಲೆಯೇ ಲಂಗ ಸುತ್ತಿದಳು. ಸೊಂಟ ಹಿಡಿದು ಒಂದು ಸುತ್ತು ತಿರುಗಿಸಿದಳು. "ಚೆನ್ನಾಗಿದೆ. ಶುಕ್ರವಾರ ಬೂಟು ಹಾಕ್ಬೇಡ, ಬರಿಗಾಲು. ಮಗೂಗೆ ಆ ಪ್ಲಾಸ್ಟಿಕ್ ಟೋಪಿ ಬೇಡ. ಕೈಯಲ್ಲಿ ಸಸಿ ಹಿಡ್ಕೊಂಡಿರ್ಬೇಕು."

"ಈಗ ನಾಟಿ ಕಾಲ ಅಲ್ಲ ಮಿಸ್. ಬೀಜಾನೇ ಹಾಕಿಲ್ಲ."

"ಯಾವ್ದಾದ್ರೂ ಹುಲ್ಲು ಹಿಡ್ಕೊ. ಮೇಲಿನಿಂದ ಏನು ಗೊತ್ತಾಗುತ್ತೆ?"

"ಮಿಸ್, ಗೋಡೆ ಉಬ್ಬಿದೆ. ಕೋಡಿ ತೆಗೀಬೇಕು. ಇವತ್ತೇ ತೆಗೀಬೇಕು. ಕೆಳಗೆ ನನ್ನ ಮನೆ ಇದೆ."

ಅವಳು ನನ್ನ ಹೆಗಲ ಮೇಲೆ ಕೈ ಇಟ್ಟಳು. "ನೋಡಮ್ಮಾ, ಸಾವಿರಾರು ವರ್ಷದಿಂದ ನಿಂತಿರೋ ಗೋಡೆ ಅದು. ಶುಕ್ರವಾರದ ತನಕ ನಿಲ್ಲಲ್ವಾ?"

"ಅದು ನಿಂತಿಲ್ಲ ಮಿಸ್. ನಾವು ನಿಲ್ಲಿಸಿದೀವಿ."

ಅವಳ ಕೈ ಹೆಗಲಿಂದ ಇಳಿಯಿತು. ಸಹಾಯಕನ ಕಡೆ ತಿರುಗಿ ಏನೋ ಇಂಗ್ಲಿಷಿನಲ್ಲಿ ಹೇಳಿದಳು. ಇಬ್ಬರೂ ನಕ್ಕರು. ಆಮೇಲೆ ಅವಳು ಕಟ್ಟೆಯ ಕಂಬಕ್ಕೆ ಅಂಟಿಸಿದ ಕಾಗದ ತೋರಿಸಿದಳು. ಪರಂಪರೆಯ ಗೋಡೆಯ ಒಂದು ಕಲ್ಲನ್ನೂ ಲಿಖಿತ ಅನುಮತಿ ಇಲ್ಲದೆ ಯಾರೂ ಮುಟ್ಟಬಾರದು. ಮುಟ್ಟಿದರೆ ಕೇಸು. "ನಾನು ಇಂಜಿನಿಯರ್‌ಗೆ ತಿಳಿಸ್ತೀನಿ. ಮುಂದಿನ ವಾರ ಬರ್ತಾರೆ. ಲಂಗ ಬಿಚ್ಚಿಟ್ಟು ಹೋಗು, ಮಣ್ಣಾಗ್ತದೆ."

ಬಿಚ್ಚಿಟ್ಟೆ. ಆ ಲಂಗದಂಥದ್ದನ್ನು ನನ್ನ ಅವ್ವ ನೇಯುತ್ತಿದ್ದಳು.

* * *

ಗುರುವಾರ ಇಡೀ ಹಗಲು ಮಳೆ ಹುಯ್ಯಿತು.

ಗಂಡ ದೂರದ ಗಣಿಯಲ್ಲಿದ್ದಾನೆ. ಫೋನು ಹತ್ತಲಿಲ್ಲ. ಅಗ್ನೆಸಳನ್ನು ಟಿಲ್ಡಾಳ ಮನೆಯಲ್ಲಿ ಬಿಟ್ಟೆ. ಅದು ನನ್ನ ಅಂಗಿ ಹಿಡಿದು ಬಿಡಲಿಲ್ಲ, ಬೆರಳು ಒಂದೊಂದಾಗಿ ಬಿಡಿಸಿದೆ. ಅತ್ತೆಯನ್ನು ಕರೆಯಲು ಬಂದೆ.

"ನಾನು ಬರಲ್ಲ," ಎಂದರು.

"ಯಾಕೆ?"

"ನಿನ್ನ ಮಾವ ಇಲ್ಲಿದ್ದಾರೆ."

ತೀರಿಹೋದ ಮಾವನ ಎಲುಬುಗಳನ್ನು ನಮ್ಮ ಪದ್ಧತಿಯಂತೆ ಕಂಬಳಿಯಲ್ಲಿ ಸುತ್ತಿ, ಮನೆಯ ಅಡಿಯಲ್ಲಿ, ಕಂಬಗಳ ನಡುವೆ ಇಟ್ಟಿದ್ದೆವು. ಅವರನ್ನು ಎತ್ತಬೇಕಾದರೆ ಹಂದಿ ಕಡಿಯಬೇಕು, ಪೂಜಾರಿ ಬರಬೇಕು, ನೆಂಟರು ಬರಬೇಕು. ಸುಮ್ಮನೆ ಕಂಕುಳಲ್ಲಿ ಇಟ್ಟುಕೊಂಡು ಓಡುವ ಹಾಗಿಲ್ಲ.

"ಅವರಿಗೂ ಹೇಳಿ ಅತ್ತೆ, ಒಂದು ರಾತ್ರಿ ಆಚೆ ಇರೋಣ ಅಂತ."

"ಬದುಕಿದ್ದಾಗಲೇ ನನ್ನ ಮಾತಿಗೆ ಎದ್ದವರಲ್ಲ. ಈಗ ಏಳ್ತಾರಾ?" ನಕ್ಕರು. ಹಲ್ಲಿಲ್ಲದ ಬಾಯಿ ಅಡಿಕೆಯಿಂದ ಕೆಂಪಗಿತ್ತು. "ನೀನು ಹೋಗು ಮಗಳೇ. ನಿನಗೆ ಮಗು ಇದೆ. ನಾವಿಬ್ರು ಇಲ್ಲೇ ಇರ್ತೀವಿ."

ನಾನು ಹೋಗಲಿಲ್ಲ. ಹೋಗಲು ಕಾಲು ಬರಲಿಲ್ಲ. ಅವರ ಪಕ್ಕದಲ್ಲಿ ಕೂತು ಗೋಡೆಯ ಸದ್ದು ಕೇಳುತ್ತಿದ್ದೆ. ಒಳಗೆ ಸಣ್ಣ ಕಲ್ಲುಗಳು ಉರುಳುತ್ತಿದ್ದವು. ಹಲ್ಲು ಕಡಿದ ಹಾಗೆ. ಒಮ್ಮೆ ಕೇಳಿಸಿ, ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಕೇಳಿಸುತ್ತಿತ್ತು. ಆ ಸುಮ್ಮನಿರುವ ಹೊತ್ತಿನಲ್ಲಿಯೇ ಹೆಚ್ಚು ಹೆದರಿಕೆ.

* * *

ಶುಕ್ರವಾರ ಮಳೆ ನಿಂತಿತು. ಬಿನ್ವಾಗ್ ಬಂದು ಕರೆದ. ಮಗುವನ್ನು ಟಿಲ್ಡಾಳ ಮನೆಯವರ ಹತ್ತಿರವೇ ಬಿಟ್ಟೆ. ಹೋದೆ. ಯಾಕೆ ಹೋದೆ? ಪಟ್ಟಿಯಲ್ಲಿ ಹೆಸರಿತ್ತು. ಹೆಸರು ಹೋದರೆ ಮಗುವಿನ ಹಾಲಿನಪುಡಿ ಹೋಗುತ್ತದೆ. ಹೆದರಿಕೆಯಲ್ಲಿ ಎರಡು ಬಗೆ ಇದೆ ಎಂದು ಆ ಬೆಳಿಗ್ಗೆ ತಿಳಿಯಿತು. ಮಣ್ಣಿನ ಹೆದರಿಕೆ ಒಂದು. ನೀಲಿ ಅಂಗಿಯ ಹೆದರಿಕೆ ಒಂದು. ನಾನು ನೀಲಿ ಅಂಗಿಗೆ ಹೆಚ್ಚು ಹೆದರಿದ್ದೆ.

ಹನ್ನೊಂದು ಜನ ಹೆಂಗಸರನ್ನು ಕೆಂಪು ಲಂಗ ಉಡಿಸಿ ನೀರಿಗೆ ಇಳಿಸಿದರು. ಎಲ್ಲರ ಕೈಯಲ್ಲೂ ಬದುವಿನ ಹುಲ್ಲು. ನಡುವೆ ಬಿನ್ವಾಗನ ಅವ್ವ ದಿನುಲಾವನ್ ಅಜ್ಜಿಯನ್ನು ನಿಲ್ಲಿಸಿದ್ದರು. ಮುಖದಲ್ಲಿ ಹೆಚ್ಚು ಸುಕ್ಕಿದೆ, ಫೋಟೋಗೆ ಚೆನ್ನ ಎಂದು ಮಿಸ್ ಲೂರ್ದೆಸ್ ಆರಿಸಿದ್ದಳಂತೆ. ಗೋಡೆಯ ಅಂಚಿಗೆ ಹತ್ತಿರ ನಿಲ್ಲಿ ಎಂದರು. ಅಂಚಿನಲ್ಲಿ ನಿಂತರೆ ನೀರಿನಲ್ಲಿ ಬಿಂಬ ಪೂರ್ತಿ ಕಾಣುತ್ತದೆ.

"ಹಲ್ಲು ಕಾಣೋ ಹಾಗೆ ನಗಿ," ಎಂದ ಬಿನ್ವಾಗ್.

"ಇದ್ರೆ ತಾನೇ ಕಾಣೋದು?" ಎಂದಿತು ಅಜ್ಜಿ.

ಎಲ್ಲರೂ ನಕ್ಕರು. ನಾನು ಕೆಳಗೆ ನೋಡುತ್ತಿದ್ದೆ. ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ನೀರಿನ ಮೇಲೆ ಒಂದು ಹುಲ್ಲಿನ ಎಸಳು ತಿರುಗುತ್ತಿತ್ತು. ಗಾಳಿ ಇರಲಿಲ್ಲ. ಎಸಳು ಗಿರ್ರನೆ ತಿರುಗಿತು, ಮುಳುಗಿತು. ಅಲ್ಲಿ ನೀರಿಗೆ ಅನ್ನದ ಬಟ್ಟಲಿನಷ್ಟು ಅಗಲದ ಒಂದು ಸುಳಿ. ನನ್ನ ಅಂಗಾಲಿನ ಅಡಿ ಕೆಸರು ನಡುಗಿತು. ಕೋಳಿಮರಿಯನ್ನು ಅಂಗೈಯಲ್ಲಿ ಹಿಡಿದಾಗ ನಡುಗುತ್ತದಲ್ಲ, ಹಾಗೆ.

ಅತ್ತೆ ಸರಿಯಾಗಿ ಇದರ ಕೆಳಗೆ ಕೂತಿದ್ದಾರೆ.

ಕೂಗಬೇಕೆಂದುಕೊಂಡೆ. ಉಚ್ಚೆ ಹೋಯಿತು. ತೊಡೆಯಲ್ಲಿ ಬಿಸಿಯಾಗಿ ಇಳಿದು ತಣ್ಣನೆಯ ನೀರಿಗೆ ಸೇರಿತು. ಕೈಯಲ್ಲಿದ್ದ ಹುಲ್ಲನ್ನು ಬಿಸಾಡಿದೆ. ಕೋಡಿಯ ಕಡೆ ನಡೆದೆ.

"ಏಯ್ ಸೇಲಾ! ಸಾಲು ಬಿಡಬೇಡ! ಗಾಡಿ ಬಂದ್ವು!"

ನಡೆದೆ.

"ಸೇಲಾ! ಹೆಸರು ಹೊಡೆದು ಹಾಕ್ತೀನಿ!"

"ಹೊಡಿ."

ನನ್ನ ಬಾಯಿಂದ ಬಂದ ಮಾತು ಅದೊಂದೇ. ಮಂಡಿಯೂರಿ ಕೂತೆ. ಮಂಗಳವಾರ ನಾವು ತುಳಿದ ಜೇಡಿ ಗಟ್ಟಿಯಾಗಿತ್ತು. ಚೆನ್ನಾಗಿ ತುಳಿದಿದ್ದೆವು. ಉಗುರಿನಿಂದ ಕೆರೆದೆ. ಎರಡು ಉಗುರು ಕಿತ್ತುಬಂದವು. ಕಲ್ಲು ಅಲ್ಲಾಡಲಿಲ್ಲ. ಬಿನ್ವಾಗ್ ಬದುವಿನ ಮೇಲೆ ಓಡಿ ಬಂದು ನನ್ನ ತೋಳು ಹಿಡಿದು ಎಳೆದ. ಲಂಗ ಹರಿಯಿತು. ನಾನು ಕಲ್ಲನ್ನು ಅಪ್ಪಿ ಹಿಡಿದೆ. ಆಗ ಟಿಲ್ಡಾ ಬಂದು ಅವನ ಮುಖಕ್ಕೆ ಕೆಸರು ಎರಚಿದಳು. ಅವನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ನಾವಿಬ್ಬರೂ ಸೇರಿ ಕಲ್ಲು ಎಳೆದೆವು. ಸಿಂಬೆ ಕಿತ್ತುಬಂತು. ನೀರು ಭೋರೆಂದು ಕೊರಕಲಿಗೆ ಬಿತ್ತು.

"ಎಲ್ಲರೂ ಅಂಚು ಬಿಟ್ಟು ಬನ್ನಿ!" ಎಂದು ಟಿಲ್ಡಾ ಕಿರುಚಿದಳು. ಹೆಂಗಸರು ಲಂಗ ಎತ್ತಿಕೊಂಡು ಓಡಿದರು.

ಮೇಲೆ ಕಟ್ಟೆಯಲ್ಲಿ ಗಾಡಿಗಳು ನಿಂತವು. ದೊಡ್ಡವರು ಇಳಿದು ಕೆಳಗೆ ನೋಡಿದರು. ನೀರು ಇಳಿದು ಕೆಸರು ಕಾಣುತ್ತಿತ್ತು. ಕೊಳೆತ ಕೂಳೆ. ಕಟ್ಟೆಯಿಂದ ಎಸೆದ ಪ್ಲಾಸ್ಟಿಕ್ ಬಾಟಲಿಗಳು. ಕೆಸರಿನಲ್ಲಿ ಕೂತ ಇಬ್ಬರು ಹೆಂಗಸರು. ಅವರು ಸ್ವಲ್ಪ ಹೊತ್ತು ನಿಂತು ಗಾಡಿ ಹತ್ತಿ ಹೋದರು.

ಗೋಡೆ ಬೀಳಲಿಲ್ಲ.

* * *

ಅದೇ ನನಗೆ ಶಿಕ್ಷೆಯಾಯಿತು.

ಶನಿವಾರ ಕಾಗದ ಬಂತು. ಪರಂಪರೆಯ ಗದ್ದೆಗೆ ಹಾನಿ ಮಾಡಿದ್ದೇನೆ. ಸೋಮವಾರ ಇನ್ನೊಂದು ತಂಡ ಬರುತ್ತದೆ. ಅಷ್ಟರಲ್ಲಿ ಕೋಡಿ ಮುಚ್ಚಬೇಕು, ಬರೆದು ಕ್ಷಮೆ ಕೇಳಬೇಕು. ಇಲ್ಲವಾದರೆ ಕೇಸು. ಹನ್ನೊಂದು ಜನರ ಶುಕ್ರವಾರದ ಕೂಲಿಯೂ ಇಲ್ಲ.

ಬಿನ್ವಾಗ್ ನಮ್ಮ ಅಂಗಳಕ್ಕೆ ಬಂದು ಗೋಡೆಗೆ ಎತ್ತಿನ ಬೆನ್ನಿಗೆ ತಟ್ಟಿದ ಹಾಗೆ ತಟ್ಟಿದ. "ನೋಡು. ನಿಂತಿದೆ. ಏನಾಯ್ತು? ಏನೂ ಆಗಿಲ್ಲ."

ನೀರಿನ ತೊಟ್ಟಿಯ ಬಳಿ ಹೆಂಗಸರು ನನಗೆ ಜಾಗ ಬಿಡಲಿಲ್ಲ. "ಗೋಡೆ ಬಿತ್ತೇನೇ ಸೇಲಾ? ನಮಗೆ ಸದ್ದೇ ಕೇಳಿಸಲಿಲ್ಲ," ಎಂದಳು ಒಬ್ಬಳು. "ಅವಳ ಕಿವಿ ಬೇರೆ ಕಣೇ. ಗೋಡೆ ಅವಳ ಹತ್ರ ಮಾತಾಡ್ತದೆ," ಎಂದಳು ಇನ್ನೊಬ್ಬಳು. ತಪ್ಪೇನಿಲ್ಲ. ಅವರ ಮನೆಯಲ್ಲೂ ಮಕ್ಕಳಿವೆ.

ಮನೆಗೆ ಬಂದು ಮಗುವಿಗೆ ಎದೆಹಾಲು ಕುಡಿಸುತ್ತಾ ಕೂತೆ. ಹಾಲು ಇಳಿಯಲಿಲ್ಲ. ಮಗು ಜಗ್ಗಿ ಜಗ್ಗಿ ಅತ್ತಿತು. ನಾನು ತಪ್ಪು ತಿಳಿದಿದ್ದೆನೇ? ಗೋಡೆ ಬಿದ್ದಿದ್ದರೆ ಎಲ್ಲರೂ ನಂಬುತ್ತಿದ್ದರು. ನಂಬುವಾಗ ಅತ್ತೆ ಇರುತ್ತಿರಲಿಲ್ಲ. ಬೀಳದಿದ್ದರೆ ಯಾರೂ ನಂಬುವುದಿಲ್ಲ, ನಾನೂ ಸೇರಿ. ಸೋಮವಾರ ಮತ್ತೆ ನನ್ನ ಕೈಯಿಂದಲೇ ಮುಚ್ಚಿಸುತ್ತಾರೆ. ಆಗ ಬೀಳುತ್ತದೆ.

"ಉಬ್ಬಿದ ಗೋಡೇನ ಹಾಗೇ ಬಿಡಬಾರದು," ಎಂದರು ಅತ್ತೆ. "ಅದು ಬೀಳೋ ಮೊದಲು ನಾವೇ ಇಳಿಸಬೇಕು. ನಿನ್ನ ಮಾವ ಎರಡು ಸಲ ಇಳಿಸಿ ಕಟ್ಟಿದ್ರು."

"ಕಲ್ಲು ಮುಟ್ಟಿದ್ರೆ ಕೇಸಂತೆ. ಗಂಡಸರೂ ಇಲ್ಲ. ಹೆಂಗಸರು ಗೋಡೆ ಬಿಚ್ಚಿದ್ದು ನಾನು ಎಲ್ಲೂ ನೋಡಿಲ್ಲ."

"ನಾನೂ ನೋಡಿಲ್ಲ," ಎಂದರು ಅತ್ತೆ. "ನನಗೆ ಕಣ್ಣೇ ಕಾಣಲ್ವಲ್ಲ. ಹೋಗು."

* * *

ಭಾನುವಾರ ಮೇಲಿನಿಂದ ಶುರು ಮಾಡಿದೆ. ನೀರಿಲ್ಲದ ಗದ್ದೆಯ ಕೆಸರು ಗಟ್ಟಿಯಾಗತೊಡಗಿತ್ತು. ಅಂಚಿನ ಮೇಲೆ ಬೋರಲು ಮಲಗಿ ಮೊದಲ ಕಲ್ಲು ಎತ್ತಿದೆ. ಅದು ಮಗುವಿಗಿಂತ ಭಾರವಿತ್ತು. ಕಿತ್ತ ಉಗುರಿನಿಂದ ರಕ್ತ ಬಂತು. ಎರಡನೆಯದು. ಮೂರನೆಯದು. ಹನ್ನೆರಡನೆಯ ಕಲ್ಲಿನ ಹೊತ್ತಿಗೆ ಟಿಲ್ಡಾ ಬಂದಳು. ಕಲ್ಲು ಈಸಿಕೊಂಡು ಹಿಂದೆ ಜೋಡಿಸುತ್ತಾ ಹೋದಳು. ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ. ಮತ್ತೆ ಕಟ್ಟುವಾಗ ಬೇಕಲ್ಲ.

ಐದನೆಯ ಸಾಲು ತೆಗೆದಾಗ ಹಿಂದೆ ಮಣ್ಣಿರಲಿಲ್ಲ.

ಕತ್ತಲೆ ಇತ್ತು. ಅದರಿಂದ ತಣ್ಣನೆಯ ಗಾಳಿ ನನ್ನ ಮುಖಕ್ಕೆ ಬಂತು. ನಾವು ಕೆಳಗಿಳಿದು, ಏಣಿ ಇಟ್ಟು, ಗೋಡೆಯ ನಡುವಿನಿಂದ ಇನ್ನಷ್ಟು ಕಲ್ಲು ಬಿಡಿಸಿದೆವು. ಬೆಳಕು ಒಳಗೆ ಹೋಯಿತು. ಗೋಡೆಯ ಹಿಂದೆ ಒಂದು ಕೋಣೆಯೇ ಆಗಿತ್ತು. ಜಲ್ಲಿ, ಜೇಡಿ ಎಲ್ಲ ತೊಳೆದುಹೋಗಿ ನಾಲ್ಕು ಜನ ಕೂತು ಉಣ್ಣುವಷ್ಟು ಜಾಗ. ಮಾಡಿಗೆ ಒಂದು ಗೇಣು ಕೆಸರು, ಹುಲ್ಲಿನ ಬೇರು. ಅಷ್ಟೇ. ಆ ಒಂದು ಗೇಣಿನ ಮೇಲೆ ಹನ್ನೊಂದು ಜನ ನಿಂತು ನಕ್ಕಿದ್ದೆವು.

ಟಿಲ್ಡಾ ನೆಲಕ್ಕೆ ಕೂತಳು. ತಮಾಷೆ ಮಾಡಲಿಲ್ಲ.

ಸುದ್ದಿ ಹೇಗೆ ಹೋಯಿತೋ, ಹೆಂಗಸರು ಬಂದರು. ಒಬ್ಬೊಬ್ಬರೇ ಏಣಿ ಹತ್ತಿ ಒಳಗೆ ನೋಡಿ ಇಳಿದರು. ತೊಟ್ಟಿಯ ಬಳಿ ನಕ್ಕವಳು ನನ್ನ ಕೈ ಹಿಡಿದು ಉಗುರು ನೋಡಿದಳು. ತನ್ನ ತಲೆಬಟ್ಟೆ ಹರಿದು ಸುತ್ತಿದಳು. ಬಿನ್ವಾಗ್ ಕೇಸಿನ ಕಾಗದ ಹಿಡಿದು ಓಡಿ ಬಂದ. "ಯಾರು ಮುಟ್ಟಿದ್ದು? ಯಾರು ಹೇಳಿದ್ದು?" ಎಂದು ಕೂಗುತ್ತಲೇ ಏಣಿ ಹತ್ತಿದ. ಒಳಗೆ ನೋಡಿದ. ಮೇಲೆ ನೋಡಿದ. ಅವನ ಅವ್ವನನ್ನು ನಿಲ್ಲಿಸಿದ್ದ ಜಾಗ ಅದು. ಅವನೇ ಕೈ ಹಿಡಿದು ನಿಲ್ಲಿಸಿದ್ದ.

ಅವನ ಫೋನು ರಿಂಗಾಯಿತು. ಮಿಸ್ ಲೂರ್ದೆಸ್ ಕಟ್ಟೆಯ ಮೇಲಿದ್ದಳು. ಅಷ್ಟು ದೂರದಿಂದಲೂ ಅವಳ ದನಿ ನಮಗೆ ಕೇಳಿಸಿತು. ಬಿನ್ವಾಗ್ ಏಣಿಯ ಮೇಲಿಂದಲೇ ಹೇಳಿದ, "ಮ್ಯಾಡಂ, ಒಳಗೆ ಟೊಳ್ಳಾಗಿದೆ. ದೊಡ್ಡ ಟೊಳ್ಳು." ಕೇಳಿಸಿಕೊಂಡ. ಇಳಿದು ಬಂದ. ಯಾರ ಮುಖವನ್ನೂ ನೋಡಲಿಲ್ಲ.

"ಹಸಿರು ಟಾರ್ಪಾಲು ಕಳಿಸ್ತಾರಂತೆ. ಮುಂದೆ ಕಟ್ಟಿ ಮುಚ್ಚಬೇಕಂತೆ. ಮೇಲೆ ನೀರು ಬಿಡಬೇಕಂತೆ, ಸ್ವಲ್ಪ. ಸೋಮವಾರ ಒಂದು ದಿನ."

ಮಳೆ ಹನಿ ಬೀಳತೊಡಗಿತು.

ದಿನುಲಾವನ್ ಅಜ್ಜಿ ಗುಂಪಿನಿಂದ ಹೊರಗೆ ಬಂದಿತು. ಏಣಿ ಹಿಡಿಯಿತು. ಒಂದೊಂದೇ ಮೆಟ್ಟಿಲು ಹತ್ತಿತು. ಏನು ಮಾಡುತ್ತದೆ ಎಂದು ನಮಗೆ ತಿಳಿಯುವ ಮೊದಲೇ ಗೋಡೆಯ ಬಾಯೊಳಗೆ ಕಾಲಿಟ್ಟು ಒಳಗೆ ಹೋಗಿ ಕೂತಿತು. ಮಡಿಲಿನಿಂದ ಎಲೆ ತೆಗೆದು ಸುಣ್ಣ ಹಚ್ಚಿತು.

"ಮುಚ್ಚು," ಎಂದಿತು ಮಗನಿಗೆ.

"ಅವ್ವಾ! ಹೊರಗೆ ಬಾ! ಮೇಲೆ ಬಿದ್ದೀತು!"

"ಗೋಡೆ ನಿಂತಿದೆ, ಏನೂ ಆಗಿಲ್ಲ ಅಂದಿದ್ಯಲ್ಲ. ಮುಚ್ಚು. ನನ್ನ ಸಮೇತ ಮುಚ್ಚು. ಟಾರ್ಪಾಲು ಎಲ್ಲಿ?"

ಬಿನ್ವಾಗ್ ಏಣಿ ಹತ್ತಿದ. ಅಜ್ಜಿ ಒಳಕ್ಕೆ ಸರಿಯಿತು. ಕೈಗೆ ಸಿಗದಷ್ಟು ಒಳಕ್ಕೆ. ಅವನು ಒಳಗೆ ನುಗ್ಗಿದರೆ ಮಾಡು ತಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮಾಡಿನಿಂದ ಒಂದು ಹೆಂಟೆ ಮಣ್ಣು ಕಳಚಿ ಅಜ್ಜಿಯ ತೊಡೆಯ ಮೇಲೆ ಬಿತ್ತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ಮಣ್ಣು ಕೊಡವಿಕೊಂಡು ಎಲೆ ಬಾಯಿಗೆ ಹಾಕುತ್ತಿತ್ತು. ಎಲೆ ಒಮ್ಮೆ ಕೈಜಾರಿತು. ಅದಕ್ಕೂ ನಮ್ಮಷ್ಟೇ ಹೆದರಿಕೆ ಇತ್ತು.

ಬಿನ್ವಾಗನ ಕೈಯಲ್ಲಿ ಫೋನು ಮತ್ತೆ ರಿಂಗಾಯಿತು. ಅವನು ಅದನ್ನು ಕಿವಿಗಿಟ್ಟ. ತುಟಿ ಒದ್ದೆ ಮಾಡಿಕೊಂಡ.

"ಆಗಲ್ಲ ಮ್ಯಾಡಂ," ಎಂದ. ಮೆಲ್ಲಗೆ.

"ಕೇಳಿಸಲಿಲ್ಲ," ಎಂದಿತು ಅಜ್ಜಿ ಒಳಗಿನಿಂದ.

ಮಳೆ ಜೋರಾಯಿತು. ಬಿನ್ವಾಗ್ ಕಟ್ಟೆಯ ಕಡೆ ತಿರುಗಿ, ಫೋನು ಬಿಟ್ಟು, ಬರಿಬಾಯಲ್ಲೇ ಕೂಗಿದ. "ಆಗಲ್ಲ! ಮುಚ್ಚಲ್ಲ!"

ನಾನು ಏಣಿ ಹತ್ತಿ ಒಳಗೆ ಎರಡೂ ಕೈ ಚಾಚಿದೆ. "ಬಾ ಅಜ್ಜಿ," ಎಂದೆ. "ಹೇಳ್ದ. ನಾನು ಕೇಳಿಸ್ಕೊಂಡೆ. ಬೇಗ ಬಾ."